ಕಲ್ಲಿದ್ದಲಿಗಿಂತ ಮೊದಲು ಮಣ್ಣು: ಸಿಂಗ್ರೌಲಿಯ ಡ್ರ್ಯಾಗ್‌ಲೈನ್‌ಗಳು ಯಾಕೆ ಬದಿಗೆ ಸರಿಯುತ್ತಿವೆ?

ಶಕ್ತಿನಗರ ಅಂದ ಕೂಡಲೇ ನಮಗೆ ನೆನಪಾಗುವುದು ರಾಯಚೂರು. ಕೃಷ್ಣೆಯ ದಂಡೆ, ಎತ್ತರದ ಚಿಮಣಿಗಳು, ಹಾರುಬೂದಿ. ಅದೇ ಹೆಸರಿನ ಇನ್ನೊಂದು ಊರು ಉತ್ತರ ಪ್ರದೇಶದ ಸೋನ್‌ಭದ್ರ ಜಿಲ್ಲೆಯಲ್ಲಿ, ಮಧ್ಯಪ್ರದೇಶದ ಗಡಿಗೆ ಅಂಟಿಕೊಂಡಿದೆ. ಅಲ್ಲೂ ಒಂದು ಉಷ್ಣ ವಿದ್ಯುತ್ ಸ್ಥಾವರವಿದೆ. ಎನ್‌ಟಿಪಿಸಿಯ ಮೊಟ್ಟಮೊದಲ ಘಟಕ ಚಾಲೂ ಆದದ್ದು ಅಲ್ಲಿ, 1982ರಲ್ಲಿ. ಎರಡು ಶಕ್ತಿನಗರಗಳಿಗೂ ಒಂದು ವ್ಯತ್ಯಾಸವಿದೆ. ನಮ್ಮದಕ್ಕೆ ಕಲ್ಲಿದ್ದಲು ನೂರಾರು ಕಿಲೋಮೀಟರ್ ದೂರದಿಂದ ರೈಲಿನಲ್ಲಿ ಬರಬೇಕು. ಅವರಿಗೆ ಅದು ಹಿತ್ತಲಲ್ಲೇ ಇದೆ. ಜಯಂತ್, ದುಧಿಚುವಾ, ಖಡಿಯಾ, ಬೀನಾ, ಅಮ್ಲೋರಿ ಎಂಬ ಸಾಲು ಗಣಿಗಳು. ಇದೇ ಸಿಂಗ್ರೌಲಿ ಕಲ್ಲಿದ್ದಲು ಸೀಮೆ. ಈ ಲೇಖನ ಆ ಹಿತ್ತಲಿನ ಬಗ್ಗೆ. ಕಲ್ಲಿದ್ದಲಿಗಿಂತ ಹೆಚ್ಚಾಗಿ, ಅದರ ಮೇಲೆ ಕೂತಿರುವ ಮಣ್ಣುಕಲ್ಲಿನ ಬಗ್ಗೆ, ಅದನ್ನು ಎತ್ತಿ ಪಕ್ಕಕ್ಕೆ ಹಾಕುವ ಡ್ರ್ಯಾಗ್‌ಲೈನ್ ಎಂಬ ದೈತ್ಯ ಯಂತ್ರದ ಬಗ್ಗೆ.

ಮೊದಲು ಸ್ವಲ್ಪ ಲೆಕ್ಕ. ರಾಯಚೂರಿನ 210 ಮೆಗಾವಾಟಿನ ಒಂದು ಘಟಕ ಇಡೀ ದಿನ ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ಸುಮಾರು 50 ಲಕ್ಷ ಯೂನಿಟ್ ವಿದ್ಯುತ್. ಯೂನಿಟ್ಟಿಗೆ 700 ಗ್ರಾಂ ಕಲ್ಲಿದ್ದಲು ಎಂದು ಹಿಡಿದರೆ 3,500 ಟನ್, ಅಂದರೆ ಹೆಚ್ಚುಕಡಿಮೆ ಒಂದು ಗೂಡ್ಸ್ ರೈಲು. ಅದು ತೆಲಂಗಾಣದ ಸಿಂಗರೇಣಿಯ ತೆರೆದ ಗಣಿಯಿಂದ ಬಂದದ್ದು ಎಂದುಕೊಳ್ಳಿ. ಅಲ್ಲಿ ಒಂದು ಟನ್ ಕಲ್ಲಿದ್ದಲು ತೆಗೆಯಲು ಆರು ಘನ ಮೀಟರ್ ಆಸುಪಾಸು ಮಣ್ಣುಕಲ್ಲು ಸರಿಸಬೇಕಾಗುತ್ತದೆ. ಹಾಗಾದರೆ ಒಂದು ಘಟಕದ ಒಂದು ದಿನಕ್ಕೆ 21,000 ಘನ ಮೀಟರ್. ಒಡೆದ ಕಲ್ಲು ಉಬ್ಬಿಕೊಳ್ಳುವುದರಿಂದ, ನಮ್ಮೂರ ರಸ್ತೆಯಲ್ಲಿ ಜಲ್ಲಿ ಹೊರುವ ದೊಡ್ಡ ಟಿಪ್ಪರ್‌ಗಳ ಲೆಕ್ಕದಲ್ಲಿ ಎರಡು ಸಾವಿರ ಲೋಡು. ಇಷ್ಟು ಮಣ್ಣು ಎಲ್ಲೋ ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಕೂತಿತು, ಆಮೇಲೆ ನಿಮ್ಮ ಮನೆಯ ಫ್ಯಾನ್ ತಿರುಗಿತು.

ಗಣಿಯವರ ಬಾಯಲ್ಲಿ ಈ ಮಣ್ಣುಕಲ್ಲಿಗೆ ‘ಓಬಿ’ ಎಂದು ಹೆಸರು, ಓವರ್‌ಬರ್ಡನ್ ಎಂಬುದರ ಮೊಟಕು. ಟನ್ನಿಗೆ ಎಷ್ಟು ಘನ ಮೀಟರ್ ಓಬಿ ಎನ್ನುವುದೇ ಸ್ಟ್ರಿಪ್ಪಿಂಗ್ ರೇಷಿಯೋ. ಒಡಿಶಾದ ಮಹಾನದಿ ಕೋಲ್‌ಫೀಲ್ಡ್ಸ್‌ನಲ್ಲಿ ಅದು ಒಂದು, ಒಂದೂವರೆ. ಸಿಂಗರೇಣಿಯಲ್ಲಿ ಅದರ ನಾಲ್ಕೈದು ಪಟ್ಟು. ಸಿಂಗರೇಣಿ ಕಲ್ಲಿದ್ದಲು ದುಬಾರಿ ಎಂಬ ದೂರಿನ ಹಿಂದಿನ ಕಾರಣಗಳಲ್ಲಿ ಇದೂ ಒಂದು. ಕೋಲ್ ಇಂಡಿಯಾ 2023–24ರಲ್ಲಿ ಸುಮಾರು 77 ಕೋಟಿ ಟನ್ ಕಲ್ಲಿದ್ದಲು ತೆಗೆಯಿತು; ಅದಕ್ಕಾಗಿ ಸರಿಸಿದ ಓಬಿ 196 ಕೋಟಿ ಘನ ಮೀಟರ್. ಪತ್ರಿಕೆಗಳಲ್ಲಿ ಮೊದಲ ಸಂಖ್ಯೆ ತಲೆಬರಹವಾಗುತ್ತದೆ, ಎರಡನೆಯದು ಷೇರುಪೇಟೆಯವರ ಪುಟದ ಮೂಲೆ ಸೇರುತ್ತದೆ. ಆದರೆ ಕಲ್ಲಿದ್ದಲಿನ ಬೆಲೆ, ಗಣಿಯ ಸಾವುನೋವು, ಗಣಿ ಮುಗಿದ ಮೇಲೆ ಉಳಿಯುವ ನೆಲದ ಆಕಾರ, ಈ ಮೂರನ್ನೂ ಬಹುಮಟ್ಟಿಗೆ ತೀರ್ಮಾನಿಸುವುದು ಎರಡನೆಯ ಸಂಖ್ಯೆ. ಓಬಿಯನ್ನು ಯಾರು ಸರಿಸುತ್ತಾರೆ, ಯಾವ ಯಂತ್ರದಿಂದ, ಎಲ್ಲಿಗೆ?

ಹಿಂದಕ್ಕೆ ನಡೆಯುವ ಯಂತ್ರ

ಸಿಂಗ್ರೌಲಿಯ ಮೊಹೇರ್ ಭಾಗದಲ್ಲಿ ಕಲ್ಲಿದ್ದಲು ದೋಸೆಗಳ ಹಾಗೆ ಒಂದರ ಮೇಲೊಂದು ಮಲಗಿದೆ. ತಳದಲ್ಲಿ ತುರ್ರಾ ಎಂಬ ದಪ್ಪ ಪದರ, ಅದರ ಮೇಲೆ ಪುರೇವಾದ ಎರಡು ಪದರಗಳು, ನಡುನಡುವೆ ಮರಳುಗಲ್ಲು. ಪುರೇವಾದ ಮೇಲಿನ ಓಬಿಯನ್ನು ಶಾವೆಲ್‌ಗಳು ಅಗೆದು ಡಂಪರ್‌ಗಳಿಗೆ ತುಂಬುತ್ತವೆ. ಪುರೇವಾಕ್ಕೂ ತುರ್ರಾಕ್ಕೂ ನಡುವಿನ ಮರಳುಗಲ್ಲನ್ನು, ಅವರ ಮಾತಿನಲ್ಲಿ ‘ಪಾರ್ಟಿಂಗ್’ ಅನ್ನು, ತೆಗೆಯುವುದು ಡ್ರ್ಯಾಗ್‌ಲೈನ್. ದೇಶದ ಡ್ರ್ಯಾಗ್‌ಲೈನ್‌ಗಳಲ್ಲಿ ಹೆಚ್ಚಿನವು ಇರುವುದು ಇಲ್ಲೇ, ಕೋಲ್ ಇಂಡಿಯಾದ ಅಂಗಸಂಸ್ಥೆ ನಾರ್ದರ್ನ್ ಕೋಲ್‌ಫೀಲ್ಡ್ಸ್‌ನ ಗಣಿಗಳಲ್ಲಿ.

ಇಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿಯನ್ನು ‘ಚೌಬೀಸ್ ಛಿಯಾನ್ಬೆ’ ಅನ್ನುತ್ತಾರೆ, 24/96. ಬಕೆಟ್ಟಿನ ಗಾತ್ರ 24 ಘನ ಮೀಟರ್, ಬೂಮಿನ, ಅಂದರೆ ಮುಂದಕ್ಕೆ ಚಾಚಿದ ಉಕ್ಕಿನ ತೋಳಿನ, ಉದ್ದ 96 ಮೀಟರ್. ನಮ್ಮ ಗೋಳಗುಮ್ಮಟದ ಎತ್ತರ ಐವತ್ತು ಮೀಟರಿನ ಸುತ್ತಮುತ್ತ. ಅಂಥ ಎರಡನ್ನು ಜೋಡಿಸಿದರೆ ಒಂದು ಬೂಮು. ಬಕೆಟ್ಟಿನೊಳಗೆ ಒಂದು ಕಾರನ್ನು ಆರಾಮಾಗಿ ನಿಲ್ಲಿಸಬಹುದು. ಇಡೀ ಯಂತ್ರದ ತೂಕ ಎರಡು ಸಾವಿರ ಟನ್ನಿನ ಆಸುಪಾಸು.

ಕೆಲಸ ನೋಡುತ್ತ ನಿಂತರೆ ಬಾವಿಯಲ್ಲಿ ನೀರು ಸೇದಿದ ನೆನಪಾಗುತ್ತದೆ. ಬಕೆಟ್ಟಿಗೆ ಎರಡು ಜತೆ ಹಗ್ಗ. ಒಂದು ಬೂಮಿನ ತುದಿಯಿಂದ ಇಳಿದು ಬಕೆಟ್ಟನ್ನು ಎತ್ತುವ ಹಗ್ಗ, ಇನ್ನೊಂದು ಅದನ್ನು ಯಂತ್ರದ ಕಡೆಗೆ ದರದರ ಎಳೆಯುವ ಹಗ್ಗ. ಹೆಸರು ಬಂದದ್ದೇ ಈ ಎಳೆತದಿಂದ. ಆಪರೇಟರ್ ಬಕೆಟ್ಟನ್ನು ಕೆಳಗಿಳಿಸಿ ಎಳೆಯುತ್ತಾನೆ, ಹಲ್ಲುಗಳು ಒಡೆದ ಕಲ್ಲನ್ನು ಕಚ್ಚುತ್ತವೆ, ಮೂರ್ನಾಲ್ಕು ಬಕೆಟ್ ಉದ್ದದಷ್ಟು ದೂರದಲ್ಲಿ ತುಂಬಿಬಿಡುತ್ತದೆ. ಎತ್ತುತ್ತಿರುವಾಗಲೇ ಬೂಮಿನ ಸಮೇತ ಇಡೀ ಯಂತ್ರ ತಿರುಗತೊಡಗುತ್ತದೆ. ಕಲ್ಲಿದ್ದಲು ತೆಗೆದು ಖಾಲಿಯಾದ ಪಕ್ಕದ ಗುಂಡಿಯ ಮೇಲೆ ಬಂದಾಗ ಎಳೆಯುವ ಹಗ್ಗ ಸಡಿಲವಾಗುತ್ತದೆ. ಬಕೆಟ್ಟಿನ ಬಾಯಿ ತಾನಾಗಿ ಕೆಳಗೆ ಬಾಗಿ ಮೂವತ್ತು ನಲವತ್ತು ಟನ್ ಕಲ್ಲು ಒಮ್ಮೆಲೇ ಸುರಿಯುತ್ತದೆ. ಧೂಳು ಏಳುವಷ್ಟರಲ್ಲಿ ಬೂಮು ವಾಪಸ್ ಹೊರಟಿರುತ್ತದೆ. ಒಂದು ಸುತ್ತಿಗೆ ಸುಮಾರು ಒಂದು ನಿಮಿಷ. ಹಗಲೂ ರಾತ್ರಿ.

ಎದುರಿನ ಕಲ್ಲು ಮುಗಿದಾಗ ಅದು ನಡೆಯುತ್ತದೆ. ಚಕ್ರವಿಲ್ಲ, ಚೈನಿಲ್ಲ. ಎರಡು ಪಕ್ಕದಲ್ಲೂ ದೋಣಿಯಂಥ ಉಕ್ಕಿನ ‘ಶೂ’ಗಳು. ಅವು ಎದ್ದು, ಹಿಂದೆ ಚಾಚಿ, ನೆಲಕ್ಕೂರಿ, ದೇಹವನ್ನು ಒಂದು ಕಡೆಯಿಂದ ಎತ್ತಿ ಎರಡು ಮೀಟರಿನಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತವೆ. ಹೌದು, ಹಿಂದಕ್ಕೇ, ಮುಂದೆ ತಾನೇ ತೋಡಿದ ಗುಂಡಿ ಇರುತ್ತದಲ್ಲ. ಬಾಲದಂತೆ ಹಿಂಬಾಲಿಸುವ 6,600 ವೋಲ್ಟಿನ ಕೇಬಲ್ಲನ್ನು ರಬ್ಬರ್ ಗ್ಲೌಸು ತೊಟ್ಟ ಹೆಲ್ಪರ್‌ಗಳು ಕೊಕ್ಕೆ ಹಾಕಿ ಪಕ್ಕಕ್ಕೆ ಸರಿಸುತ್ತ ಬರುತ್ತಾರೆ. ಗಂಟೆಗೆ ಇನ್ನೂರು ಮೀಟರ್ ಸಾಗಿದರೆ ಹೆಚ್ಚು.

ಡ್ರ್ಯಾಗ್‌ಲೈನ್ ಹುಟ್ಟಿದ್ದು ಕಲ್ಲಿದ್ದಲಿಗಾಗಿ ಅಲ್ಲ. 1904ರಲ್ಲಿ ಅಮೆರಿಕದ ಜಾನ್ ಪೇಜ್ ಎಂಬ ಗುತ್ತಿಗೆದಾರ ಷಿಕಾಗೋದಲ್ಲಿ ಕಾಲುವೆ ತೋಡಲು ಮಾಡಿಕೊಂಡದ್ದು. ನಡೆಯುವ ವ್ಯವಸ್ಥೆ 1913ರಲ್ಲಿ ಸೇರಿಕೊಂಡಿತು. ಗಾತ್ರದ ಹುಚ್ಚು ತುದಿ ಮುಟ್ಟಿದ್ದು 1969ರಲ್ಲಿ, ಒಹಾಯೋದ ‘ಬಿಗ್ ಮಸ್ಕಿ’ಯೊಂದಿಗೆ: 168 ಘನ ಮೀಟರಿನ ಬಕೆಟ್, ಅಂದರೆ ಸಿಂಗ್ರೌಲಿಯದರ ಏಳು ಪಟ್ಟು. 1991ರಲ್ಲಿ ನಿಂತಿತು, 1999ರಲ್ಲಿ ಗುಜರಿಗೆ ಹೋಯಿತು, ಬಕೆಟ್ ಮಾತ್ರ ಸ್ಮಾರಕವಾಗಿ ಉಳಿದಿದೆ.

ಅಗ್ಗ, ಆದರೆ ಹಟಮಾರಿ

24 ಘನ ಮೀಟರಿನ ಬಕೆಟ್ಟಿನಲ್ಲಿ ಉಬ್ಬಿದ ಕಲ್ಲು ಕೂರುವುದರಿಂದ, ನೆಲದೊಳಗಿದ್ದ ಲೆಕ್ಕದಲ್ಲಿ ಅದು ಸುಮಾರು 16 ಘನ ಮೀಟರ್. ನಿಮಿಷಕ್ಕೊಂದು ಸುತ್ತು ಎಂದರೆ ಗಂಟೆಗೆ 960. ವರ್ಷದ 8,760 ಗಂಟೆಗಳಲ್ಲಿ ರಿಪೇರಿ, ಮಳೆ, ಬ್ಲಾಸ್ಟಿಂಗ್, ಕರೆಂಟ್ ಕಟ್, ಶಿಫ್ಟ್ ಬದಲಾವಣೆ ಎಲ್ಲ ಕಳೆದು ನಾಲ್ಕು ಸಾವಿರ ಗಂಟೆ ನಿಜಕ್ಕೂ ಅಗೆದರೆ 38 ಲಕ್ಷ ಘನ ಮೀಟರ್. ಒಂದೇ ಯಂತ್ರ, ಶಿಫ್ಟಿಗೆ ಕೈಬೆರಳೆಣಿಕೆಯ ಜನ.

ಘನ ಮೀಟರಿಗೆ ತಗಲುವ ಖರ್ಚು ಶಾವೆಲ್–ಡಂಪರ್ ಜೋಡಿಗಿಂತ ತೀರಾ ಕಡಿಮೆಯಾಗಲು ಕಾರಣ ಸರಳ. ಡ್ರ್ಯಾಗ್‌ಲೈನ್ ಮಣ್ಣನ್ನು ಸಾಗಿಸುವುದೇ ಇಲ್ಲ, ಪಕ್ಕಕ್ಕೆ ಹಾಕುತ್ತದೆ. ನೂರು ಟನ್ ಹೊರುವ ಡಂಪರ್ ಹಾಗಲ್ಲ. ಲೋಡಿನ ಜತೆಗೆ ತನ್ನದೇ ದೇಹಭಾರವನ್ನೂ ಹೊತ್ತು, ಗುಂಡಿಯ ತಳದಿಂದ ಏರುರಸ್ತೆಯಲ್ಲಿ ಡೀಸೆಲ್ ಕುಡಿಯುತ್ತ ಎರಡು ಮೂರು ಕಿಲೋಮೀಟರ್ ಹತ್ತಿ, ಸುರಿದು, ಖಾಲಿಯಾಗಿ ವಾಪಸ್ ಇಳಿಯಬೇಕು. ಟೈರ್ ಸವೆಯುತ್ತದೆ, ರಸ್ತೆ ಸವೆಯುತ್ತದೆ, ಧೂಳು ಅಡಗಿಸಲು ನೀರಿನ ಟ್ಯಾಂಕರ್ ಬೇಕು. ಕೋಲ್ ಇಂಡಿಯಾ ವರ್ಷಕ್ಕೆ ನಾಲ್ಕು ಲಕ್ಷ ಕಿಲೋಲೀಟರ್‌ಗೂ ಹೆಚ್ಚು ಡೀಸೆಲ್ ಸುಡುತ್ತದೆ, ಖರ್ಚು ₹3,500 ಕೋಟಿಗಿಂತ ಹೆಚ್ಚು ಎಂದು 2021ರಲ್ಲಿ ತಾನೇ ಹೇಳಿಕೊಂಡಿತ್ತು. ಅದನ್ನು ತಗ್ಗಿಸಲು ಡಂಪರ್‌ಗಳಿಗೆ ಎಲ್‌ಎನ್‌ಜಿ (ದ್ರವರೂಪದ ನೈಸರ್ಗಿಕ ಅನಿಲ) ಕಿಟ್ ಜೋಡಿಸುವ ಪ್ರಯೋಗಕ್ಕೆ ಆಗ ಕೈಹಾಕಿದ್ದು ನಮ್ಮ ಬೆಂಗಳೂರಿನ ಬೆಮೆಲ್ ಮತ್ತು ಅನಿಲ ಕಂಪನಿ ಗೇಲ್ ಜತೆಗೂಡಿ. ದೇಶದ ಗಣಿಗಳ ದೊಡ್ಡ ಡಂಪರ್‌ಗಳಲ್ಲಿ ಎಷ್ಟೋ ಮೈಸೂರಿನ ಕಾರ್ಖಾನೆಯಲ್ಲಿ, ಡೋಜರ್–ಎಕ್ಸ್‌ಕವೇಟರ್‌ಗಳು ಕೆಜಿಎಫ್‌ನಲ್ಲಿ ತಯಾರಾದವು. ಕರ್ನಾಟಕದಲ್ಲಿ ಕಲ್ಲಿದ್ದಲಿಲ್ಲದಿದ್ದರೂ ಕಲ್ಲಿದ್ದಲು ಅಗೆಯುವ ಕೈ ಇಲ್ಲಿಯದೂ ಹೌದು.

ಡ್ರ್ಯಾಗ್‌ಲೈನ್ ಓಡುವುದು ವಿದ್ಯುತ್ತಿನಿಂದ. ಬಕೆಟ್ ಕೆಳಗಿಳಿಯುವಾಗ ಮೋಟಾರ್ ಜನರೇಟರಿನಂತೆ ತಿರುಗಿ ಒಂದಿಷ್ಟು ಕರೆಂಟನ್ನು ಲೈನಿಗೇ ಮರಳಿಸುತ್ತದೆ. ಆ ವಿದ್ಯುತ್ತೂ ಅದೇ ಕಲ್ಲಿದ್ದಲಿನದು, ಹಾಗಾಗಿ ಹಸಿರು ಯಂತ್ರ ಎಂದು ಹಾಡಿ ಹೊಗಳುವ ಅಗತ್ಯವಿಲ್ಲ.

ಇದಕ್ಕೆ ದೋಷಗಳೂ ಇವೆ. ಬೂಮಿಗೆ ಎಟುಕದಷ್ಟು ದೂರ ಹಾಕಬೇಕಾದಾಗ ಒಮ್ಮೆ ಹಾಕಿದ್ದನ್ನೇ ಮತ್ತೆ ಎತ್ತಿ ಹಾಕಬೇಕು. ಗಣಿ ಎಂಜಿನಿಯರುಗಳು ಇದನ್ನು ರೀಹ್ಯಾಂಡ್ಲಿಂಗ್ ಎನ್ನುತ್ತಾರೆ, ಅವರ ತಲೆನೋವಿನಲ್ಲಿ ಅರ್ಧ ಇದೇ. ಗುಂಡಿಯ ಅಡ್ಡಸೀಳು ಬರೆದು, ಎಷ್ಟು ಅಗಲದ ಕಟ್ (ಒಂದು ಸಲಕ್ಕೆ ಅಗೆಯುವ ಪಟ್ಟಿ) ತೆಗೆದರೆ ಎಷ್ಟು ಕಲ್ಲು ಎರಡು ಸಲ ಎತ್ತಬೇಕಾಗುತ್ತದೆ ಎಂದು ಲೆಕ್ಕ ಹಾಕುವ ‘ಬ್ಯಾಲೆನ್ಸ್ ಡಯಾಗ್ರಾಮ್’ ಅವರ ಜಾತಕ. ಸುರಿದ ರಾಶಿ ಜಾರದಿರಲಿ ಎಂದು ಅದರ ಬುಡದಲ್ಲಿ ಕಲ್ಲಿದ್ದಲಿನ ಒಂದು ಪಟ್ಟಿಯನ್ನು ಬಿಡಬೇಕು, ಅಷ್ಟು ನಷ್ಟ. ಪದರಗಳೂ ತಲೆಕೆಳಗಾಗುತ್ತವೆ: ಆಳದ ಕಲ್ಲು ರಾಶಿಯ ಮೇಲೆ ಬರುತ್ತದೆ. ಅದರ ಮೇಲೆ ಹುಲ್ಲೂ ಹುಟ್ಟುವುದಿಲ್ಲ; ಮೊದಲೇ ಕೆರೆದಿಟ್ಟ ಮೇಲ್ಮಣ್ಣನ್ನು ಬೇರೆಯಾಗಿ ತಂದು ಹರವಬೇಕು. ಬೂಮು ಬಿರುಕು ಬಿಟ್ಟರಂತೂ ತಿಂಗಳುಗಟ್ಟಲೆ ಕೆಲಸ ನಿಂತು, ಕೆಳಗಿನ ಕಲ್ಲಿದ್ದಲು ಹೊರಬರುವುದೇ ಇಲ್ಲ.

ಇದೆಲ್ಲ ಸಹಿಸಬಹುದಾದ ದೋಷಗಳು. ಅಸಲು ತೊಡಕು ಬೇರೆಯೇ ಇದೆ.

ಎರಡು ಕಿಲೋಮೀಟರಿನ ನೇರ ಗೆರೆ

ಡ್ರ್ಯಾಗ್‌ಲೈನಿಗೆ ಉದ್ದನೆಯ, ನೇರವಾದ, ಅಡೆತಡೆಯಿಲ್ಲದ ಪಟ್ಟಿ ಬೇಕು. ಕಿಲೋಮೀಟರ್ ಎರಡು ಕಿಲೋಮೀಟರ್ ಉದ್ದ, ಅರವತ್ತು ಎಂಬತ್ತು ಮೀಟರ್ ಅಗಲ. ಉಳುವವನು ಸಾಲು ಹೊಡೆದಂತೆ. ಸಾಲಿನ ತುದಿ ಮುಟ್ಟಿ, ತಿರುಗಿ, ಪಕ್ಕದ ಸಾಲು ಹಿಡಿಯಬೇಕು. ಸಾಲು ಗಿಡ್ಡವಾದಷ್ಟೂ ಅದು ಅಗೆಯುವುದಕ್ಕಿಂತ ನಡೆಯುವುದೇ ಹೆಚ್ಚು. ಅದಕ್ಕೆ ಮುಂದಿನ ಇಪ್ಪತ್ತು ಮೂವತ್ತು ವರ್ಷದ ನೆಲ ಇವತ್ತೇ ಗೊತ್ತಿರಬೇಕು ಮತ್ತು ಸಮಯಕ್ಕೆ ಸರಿಯಾಗಿ ಖಾಲಿಯಾಗಿರಬೇಕು.

ನಮ್ಮಲ್ಲಿ ನೆಲ ಹಾಗೆ ಸಿಗುವುದಿಲ್ಲ. ಅರಣ್ಯ ಅನುಮತಿ ಒಂದು ಸಲ, ಕಂದಾಯ ಭೂಮಿ ಇನ್ನೊಂದು ಸಲ, ನಡುವೆ ಪರಿಹಾರದ ತಕರಾರು ಬಗೆಹರಿಯದ ಹಳ್ಳಿ. ಗಣಿ ಆ ಹಳ್ಳಿಯ ಬೇಲಿಗೆ ಬಂದು ನಿಲ್ಲುತ್ತದೆ. ಡಂಪರ್ ಪಡೆ ಆಗ ಬಳಸಿಕೊಂಡು ಹೋಗುತ್ತದೆ. ಇವತ್ತು ಈ ಮೂಲೆ, ನಾಳೆ ಆ ಮೂಲೆ. ಡ್ರ್ಯಾಗ್‌ಲೈನಿಗೆ ಬಳಸಿ ಹೋಗಲು ಬರುವುದಿಲ್ಲ. ಗಣಿ ಆಳಕ್ಕಿಳಿದಂತೆ ಮೇಲಿನ ಓಬಿ ದಪ್ಪವಾಗಿ ಡ್ರ್ಯಾಗ್‌ಲೈನಿನ ಪಾಲು ಸಹಜವಾಗಿಯೇ ಕುಗ್ಗುತ್ತದೆ ಎಂಬುದು ನಿಜ. ಹೊಸದೊಂದಕ್ಕೆ ನೂರಾರು ಕೋಟಿ ಹೂಡಿ ವರ್ಷಗಟ್ಟಲೆ ಕಾಯಬೇಕು, ಗುತ್ತಿಗೆದಾರನಿಗಾದರೆ ಘನ ಮೀಟರಿಗಿಷ್ಟು ಎಂದು ಕೊಟ್ಟರಾಯಿತು ಎಂಬುದೂ ನಿಜ. ನಮ್ಮಲ್ಲಿ ಡ್ರ್ಯಾಗ್‌ಲೈನ್ ಕಟ್ಟುತ್ತಿದ್ದ ರಾಂಚಿಯ ಹೆವಿ ಎಂಜಿನಿಯರಿಂಗ್ ಕಾರ್ಪೊರೇಷನ್ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಕೊಡಲಾಗದ ಸ್ಥಿತಿಗೆ ಬಂದದ್ದೂ ಗೊತ್ತಿರುವ ಸಂಗತಿ. ಆದರೂ ನನ್ನ ಲೆಕ್ಕದಲ್ಲಿ ಈ ಯಂತ್ರ ಬದಿಗೆ ಸರಿಯುತ್ತಿರುವುದಕ್ಕೆ ದೊಡ್ಡ ಕಾರಣ, ಜನರನ್ನು ಒಕ್ಕಲೆಬ್ಬಿಸಿ ಬೇರೆ ಕಡೆ ನೆಲೆಗೊಳಿಸುವ ಕೆಲಸವನ್ನು ನಾವು ಕಂತಿನಲ್ಲಿ, ಅರೆಮನಸ್ಸಿನಲ್ಲಿ ಮಾಡುವುದು. ತುಂಡು ತುಂಡಾಗಿ ಸಿಗುವ ನೆಲಕ್ಕೆ ತುಂಡು ಗುತ್ತಿಗೆಯೇ ಹೊಂದುತ್ತದೆ.

ಕರ್ನಾಟಕಕ್ಕೆ ಇದರ ರುಚಿ ಗೊತ್ತು. ನಮ್ಮ ಕರ್ನಾಟಕ ವಿದ್ಯುತ್ ನಿಗಮಕ್ಕೆ (ಕೆಪಿಸಿಎಲ್) ಹಂಚಿಕೆಯಾದ ಬರಾಂಜ್ ಗಣಿಗಳು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಭದ್ರಾವತಿ ತಾಲೂಕಿನಲ್ಲಿವೆ. ಶಕ್ತಿನಗರ ಎರಡಿದ್ದಂತೆ ಭದ್ರಾವತಿಯೂ ಎರಡು! 2014ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ 204 ಕಲ್ಲಿದ್ದಲು ಬ್ಲಾಕ್‌ಗಳ ಹಂಚಿಕೆ ರದ್ದು ಮಾಡಿದಾಗ ಇದೂ ಹೋಯಿತು, 2015ರಲ್ಲಿ ಮರಳಿ ಬಂತು, ಆದರೆ ಗಣಿ ವರ್ಷಗಟ್ಟಲೆ ನಿಂತೇ ಇತ್ತು. ಮತ್ತೆ ಶುರುವಾದ ಮೇಲೂ ಬರಾಂಜ್ ಮೋಕಾಸಾದ ಜನರ ಪುನರ್ವಸತಿ ತಗಾದೆ ಬೆನ್ನು ಬಿಡಲಿಲ್ಲ. ರಾಯಚೂರಿನಲ್ಲಿ ಕೂತು ‘ಕಲ್ಲಿದ್ದಲು ಕೊರತೆ’ ಎಂದು ಓದುವಾಗ ಆ ಕೊರತೆಯ ಒಂದು ತುದಿ ಇಂಥ ಊರಿನ ಗ್ರಾಮಸಭೆಯಲ್ಲಿ ಸಿಕ್ಕಿಕೊಂಡಿರುತ್ತದೆ.

ರಾಜಮಹಲ್‌ನ ರಾತ್ರಿ

ಜಾರ್ಖಂಡಿನ ಗೊಡ್ಡಾ ಜಿಲ್ಲೆಯ ರಾಜಮಹಲ್ ತೆರೆದ ಗಣಿ, ಲಾಲ್‌ಮಟಿಯಾ. ಪಕ್ಕದ ಹಳ್ಳಿಗಳ ಜಮೀನು ಸಿಗದೆ ಗಣಿಗೆ ಮುಂದೆ ಹರಡಲು ಜಾಗವಿರಲಿಲ್ಲ. ಇರುವ ಜಾಗದಲ್ಲೇ, ಹಳೆಯ ಓಬಿ ರಾಶಿಯ ಬಗಲಲ್ಲಿ, ಆಳಕ್ಕೆ ಇಳಿದು ಗುತ್ತಿಗೆಯ ಕೆಲಸ ನಡೆಯುತ್ತಿತ್ತು. 2016ರ ಡಿಸೆಂಬರ್ 29ರ ರಾತ್ರಿ ರಾಶಿ ಕೂತಿದ್ದ ನೆಲವೇ ಜಾರಿತು. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಆಗಿನ ಅಂದಾಜಿನಂತೆ ಸರಿದದ್ದು 95 ಲಕ್ಷ ಘನ ಮೀಟರ್. ನಮ್ಮ 24/96 ಯಂತ್ರ ಎರಡೂವರೆ ವರ್ಷ ಅಗೆಯುವಷ್ಟು ಕಲ್ಲುಮಣ್ಣು ಒಂದು ರಾತ್ರಿಯಲ್ಲಿ. 23 ಜನ ಸತ್ತರು. ಡಂಪರ್, ಎಕ್ಸ್‌ಕವೇಟರ್‌ಗಳ ಜತೆಗೇ ಹೂತುಹೋಗಿದ್ದ ಅವರೆಲ್ಲ ಗುತ್ತಿಗೆ ಕಾರ್ಮಿಕರು.

ಡ್ರ್ಯಾಗ್‌ಲೈನ್ ರಾಶಿಗಳು ಜಾರುವುದೇ ಇಲ್ಲವೆಂದಲ್ಲ. ಗುಂಡಿಯ ತಳದಲ್ಲಿ ಮಳೆನೀರು ನಿಂತು ಬುಡ ಮೆತ್ತಗಾದರೆ ಅವೂ ಜಾರುತ್ತವೆ. ಈಗ ಇಳಿಜಾರು ಕದಲಿದರೆ ಎಚ್ಚರಿಸುವ ರಾಡಾರ್‌ಗಳನ್ನು ದೊಡ್ಡ ಗಣಿಗಳಲ್ಲಿ ಇಟ್ಟಿದ್ದಾರೆ. ವ್ಯತ್ಯಾಸವಿರುವುದು ರಾಶಿ ಎಲ್ಲಿದೆ ಎನ್ನುವುದರಲ್ಲಿ. ಡ್ರ್ಯಾಗ್‌ಲೈನ್ ತಾನು ತೋಡಿದ ಗುಂಡಿಯನ್ನೇ ಹಿಂದಿನಿಂದ ತುಂಬುತ್ತ ಹೋಗುತ್ತದೆ. ಗಣಿ ನೇರವಾಗಿ ಮುಂದೆ ಸಾಗದಿದ್ದರೆ ತುಂಬಲು ಗುಂಡಿಯೂ ಸಿಗುವುದಿಲ್ಲ; ಮಣ್ಣನ್ನು ಹೊರಗೆ ಗುಡ್ಡ ಮಾಡಬೇಕು. ಗುಡ್ಡಕ್ಕೆ ಮತ್ತೆ ನೆಲ ಬೇಕು. ಒಂದು ಹಳ್ಳಿ ಎದ್ದಿಲ್ಲವೆಂದು ಹೊರಗೆ ಹಾಕಿದ ಗುಡ್ಡಕ್ಕಾಗಿ ಇನ್ನೊಂದು ಹಳ್ಳಿ ಏಳಬೇಕು. ಸಂಡೂರು ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದಿರಿನ ಗಣಿಗಳ ವೇಸ್ಟ್ ಗುಡ್ಡೆಗಳು ಮಳೆಗೆ ಕೊಚ್ಚಿ ಹೊಲ, ಹಳ್ಳ, ಕೆರೆ ಸೇರಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ; 2011ರ ನಿಷೇಧದ ನಂತರ ಗಣಿಗಳು ಮತ್ತೆ ತೆರೆಯಲು ಆ ಗುಡ್ಡೆಗಳನ್ನು ಕಟ್ಟಿಹಾಕುವ ಯೋಜನೆ ಕಡ್ಡಾಯವಾಯಿತು.

ಸಿಂಗ್ರೌಲಿಯಲ್ಲಿ ಈಗ ಏಳಬೇಕಿರುವುದು ಹಳ್ಳಿಯಲ್ಲ, ಪಟ್ಟಣ. ಜಯಂತ್ ಗಣಿಯ ವಿಸ್ತರಣೆಗೆ ಮೋರವಾ ಪಟ್ಟಣದ ಬಹುಭಾಗ ತೆರವಾಗಬೇಕು. ಮನೆ, ಅಂಗಡಿ, ಶಾಲೆಗಳ ಸಮೇತ ಹತ್ತಾರು ಸಾವಿರ ಜನ. ಅಲ್ಲಿನ ಎಷ್ಟೋ ಕುಟುಂಬಗಳಿಗೆ ಇದು ಮೊದಲ ಸಲವಲ್ಲ. 1960ರ ದಶಕದ ಆರಂಭದಲ್ಲಿ ರಿಹಂದ್ ಅಣೆಕಟ್ಟಿನ ನೀರಿಗೆ, ಆಮೇಲೆ ಗಣಿಗೆ, ಸ್ಥಾವರಕ್ಕೆ, ಬೂದಿ ಹೊಂಡಕ್ಕೆ ಎಂದು ತಲೆಮಾರಿಗೊಮ್ಮೆ ಗಂಟುಮೂಟೆ ಕಟ್ಟಿದ ಸೀಮೆ ಅದು. ಅಲ್ಲಿ ‘ಮೊದಲು ಸರಿಯಾದ ಪುನರ್ವಸತಿ, ಆಮೇಲೆ ಗಣಿ’ ಎಂದು ಹಟ ಹಿಡಿಯುವವರನ್ನು ಅಭಿವೃದ್ಧಿಗೆ ಅಡ್ಡ ಬರುವವರು ಎನ್ನುವುದು ರೂಢಿ. ಗಣಿಯ ಎಂಜಿನಿಯರಿಂಗ್ ಮಾತ್ರ ಅವರ ಪರವಾಗಿದೆ. ಗೌರವದಿಂದ, ಒಂದೇ ಸಲಕ್ಕೆ, ಮುಂಚಿತವಾಗಿ ಮುಗಿಸಿದ ಪುನರ್ವಸತಿಯಷ್ಟು ಅಗ್ಗದ ಓಬಿ ಯಂತ್ರ ಇನ್ನೊಂದಿಲ್ಲ.

2024–25ರಲ್ಲಿ ದೇಶದ ಕಲ್ಲಿದ್ದಲು ಉತ್ಪಾದನೆ ನೂರು ಕೋಟಿ ಟನ್ ದಾಟಿತು. 2030ರ ಹೊತ್ತಿಗೆ 150 ಕೋಟಿ ಎಂಬ ಗುರಿ ಇದೆ. ಸುಲಭದ ಕಲ್ಲಿದ್ದಲು ಮೊದಲು ಮುಗಿಯುವುದರಿಂದ, ಪ್ರತಿ ಹೊಸ ಟನ್ನಿಗೆ ಸರಿಸಬೇಕಾದ ಮಣ್ಣು ಹಿಂದಿನದಕ್ಕಿಂತ ಹೆಚ್ಚೇ ಇರುತ್ತದೆ. ಅಮ್ಲೋರಿಯಲ್ಲಿ ಓಬಿಯ ಮರಳುಗಲ್ಲನ್ನು ಪುಡಿಮಾಡಿ ಎಂ-ಸ್ಯಾಂಡ್ ತಯಾರಿಸುವ ಘಟಕ ಹಾಕಿದ್ದಾರೆ. ಒಳ್ಳೆಯ ಕೆಲಸ; ಆದರೆ ದಿನಕ್ಕೆ ಸಾವಿರ ಘನ ಮೀಟರ್ ಲೆಕ್ಕದ ಘಟಕ ಅದು, ಒಂದು ಡ್ರ್ಯಾಗ್‌ಲೈನಿನ ಒಂದು ಗಂಟೆಯ ಕೆಲಸದಷ್ಟು.

ಇನ್ನು ಕೊನೆಯ ಕಟ್. ಪ್ರತಿ ಸಾಲಿನ ಮಣ್ಣು ಹಿಂದಿನ ಸಾಲಿನ ಗುಂಡಿಗೆ ಹೋಗುತ್ತದಾದ್ದರಿಂದ ಮೊದಲ ಸಾಲಿನದಕ್ಕೆ ಹೋಗಲು ಗುಂಡಿ ಇರುವುದಿಲ್ಲ, ಅದು ಹೊರಗೆ ಗುಡ್ಡವಾಗಿ ಕೂತಿರುತ್ತದೆ. ಕೊನೆಯ ಸಾಲಿನ ಗುಂಡಿಗೆ ತುಂಬಲು ಮಣ್ಣು ಇರುವುದಿಲ್ಲ. ಮೂವತ್ತು ವರ್ಷದ ಹಿಂದಿನ ಆ ಗುಡ್ಡವನ್ನು ಮತ್ತೆ ಅಗೆದು ಕಿಲೋಮೀಟರುಗಟ್ಟಲೆ ಹೊತ್ತು ತಂದು ಹಾಕಿದರೆ ಲೆಕ್ಕ ಚುಕ್ತಾ ಆದೀತು. 2009ರಿಂದ ಗಣಿ ಮುಚ್ಚುವ ಖರ್ಚಿಗೆಂದು ಕಂಪನಿಗಳು ಬೇರೆ ಖರ್ಚಿಗೆ ಮುಟ್ಟಲಾಗದ ಎಸ್ಕ್ರೋ ಖಾತೆಯಲ್ಲಿ ಪ್ರತಿವರ್ಷ ಹಣ ಇಡಬೇಕೆಂಬ ನಿಯಮವೂ ಇದೆ. ಆದರೆ ಗಣಿ ಯೋಜನೆಗಳ ಕೊನೆಯ ಹಾಳೆಯ ನಕ್ಷೆಯಲ್ಲಿ ಗುಡ್ಡ ಗುಡ್ಡದ ಜಾಗದಲ್ಲೇ ಇರುತ್ತದೆ, ಹಸಿರು ಬಣ್ಣದಲ್ಲಿ. ಗುಂಡಿಗೆ ನೀಲಿ ಬಣ್ಣ ಬಳಿದು ‘ಜಲಾಶಯ’ ಎಂದು ಬರೆದಿರುತ್ತಾರೆ.